ಯಾವುದು ತಿರುಚಿಕೊಳ್ಳಬೇಕು, ಯಾವುದು ಕೂಡದು: ಮೊದಲ ಹಾಟ್ ರಾಡ್‌ಗೆ ಚಾಸಿ, ಸಸ್ಪೆನ್ಷನ್ ಯೋಜನೆ

ಟೆಕ್ಸಸ್‌ನಲ್ಲಿರುವ ನನ್ನ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. "ಮಾಮ, 1930ರ ಫೋರ್ಡ್ ಮಾಡೆಲ್ ಎ ಕೂಪೆ ಬಾಡಿ ಸಿಕ್ಕಿದೆ, ಚಾಸಿನೂ ಇದೆ. ಮುಂದಿನ ಆಕ್ಸಲ್ ಯಾವುದು ತಗೊಳ್ಳಲಿ ಹೇಳಿ" ಅಂದ.

"ಟಯರ್ ಯಾವ ಸೈಜು ಅಂತ ತೀರ್ಮಾನ ಮಾಡಿದೀಯೇನೋ?"

"ಟಯರ್ ಕೊನೆಗಲ್ವಾ ಮಾಮ?"

ಹನ್ನೆರಡು ವರ್ಷದ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ, ಮನೆಯ ಗ್ಯಾರೇಜಿನಲ್ಲಿ ನನ್ನ ಮೊದಲ ಮಾಡೆಲ್ ಎ ಕಟ್ಟುವಾಗ ಮುಂದಿನ ಆಕ್ಸಲ್ ಒಂದು ಸಲ, ಹಿಂದಿನ ಬ್ರಾಕೆಟ್‌ಗಳನ್ನು ಎರಡು ಸಲ ಕಿತ್ತು ಬೇರೆ ಹಾಕಿದೆ. ಹಣ ಹೋಗಿದ್ದಕ್ಕಿಂತ ಹೆಚ್ಚಾಗಿ ಎರಡು ಚಳಿಗಾಲ ಹೋಯಿತು. ಅವನಿಗೆ ಮೂರು ಸಂಜೆ ಕೂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದಲ್ಲಿರುವ ನಮ್ಮವರಲ್ಲಿ ಇನ್ನೂ ಒಂದಿಬ್ಬರು ಹೀಗೆ ಹಳೆಯ ಕಾರನ್ನು ಹಾಟ್ ರಾಡ್ ಮಾಡಿ ಕಟ್ಟುವ ಕೆಲಸಕ್ಕೆ ಕೈ ಹಾಕುತ್ತಾರೆ ಅನ್ನುವ ಆಸೆ ನನಗಿದೆ.

ಮೊದಲು ಒಂದು ಹಳೆಯ ಮಾತು. ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದಲ್ಲಿ ನನ್ನ ಸೋದರಮಾವನ ಶೆಡ್ ಇತ್ತು. ಲಾರಿಗಳ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್) ಬಿಚ್ಚಿ, ಮುರಿದದ್ದನ್ನು ತೆಗೆದು, ಹೊಸದನ್ನು ಬಡಿದು ಬಾಗಿಸಿ ಮತ್ತೆ ಕಟ್ಟಿಕೊಡುವ ಕೆಲಸ. ಬೇಸಿಗೆ ರಜೆ ಪೂರ್ತಿ ನಾನು ಅಲ್ಲೇ. ಲಾರಿ ಚಾಸಿಯ ಉದ್ದನೆಯ ಚಾನೆಲ್ ಒಂದು ಮಗ್ಗುಲು ಬಾಯಿ ತೆರೆದುಕೊಂಡೇ ಇರುತ್ತದಲ್ಲ, ಅದಕ್ಕೆ ಪ್ಲೇಟ್ ಹಾಕಿ ಮುಚ್ಚಿಬಿಟ್ಟರೆ ಗಟ್ಟಿಯಾಗುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಗಟ್ಟಿ ಆಗ್ತದೆ ಕಣೋ, ಆಮೇಲೆ ಮುರೀತದೆ" ಅಂದಿದ್ದರು ಮಾವ. "ಲೋಡ್ ಲಾರಿ ಹಳ್ಳ ದಿಣ್ಣೆ ದಾಟ್ಬೇಕಂದ್ರೆ ಚಾಸಿ ಮೈ ತಿರುಚ್ಬೇಕು. ಎಲ್ಲಿ ತಿರುಚ್ಬೇಕೋ ಅಲ್ಲಿ ಬಿಡು, ಎಲ್ಲಿ ಕೂಡದೋ ಅಲ್ಲಿ ಹಿಡಿ."

ಎಂಜಿನಿಯರಿಂಗ್ ಓದಿ, ಇಲ್ಲಿಗೆ ಬಂದು, ಇಷ್ಟು ವರ್ಷ ಯಂತ್ರಗಳ ನಕ್ಷೆ ಬರೆದ ಮೇಲೂ ಚಾಸಿ ಯೋಜನೆ ಅಂದರೆ ನನಗೆ ಇವತ್ತಿಗೂ ಆ ಒಂದು ಮಾತೇ.

ಹಾಟ್ ರಾಡ್ ಅಂದರೆ ಏನು ಎಂದು ಗೊತ್ತಿಲ್ಲದವರಿಗೆ ಚುಟುಕಾಗಿ: 1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್‌ಗಳ ಮಡ್‌ಗಾರ್ಡ್, ಬಂಪರ್ ಎಲ್ಲ ಕಿತ್ತು, ಎಂಜಿನ್ ತಿದ್ದಿ, ಮ್ಯುರಾಕ್‌ನಂಥ ಒಣಗಿದ ಕೆರೆಯಂಗಳಗಳಲ್ಲಿ ವೇಗ ಅಳೆಯುತ್ತಿದ್ದರು. ಆ ಓಟಗಳನ್ನು ಶಿಸ್ತಿಗೆ ತರಲು 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಹುಟ್ಟಿತು. ಅವರು ಕಟ್ಟಿದ ಕಾರುಗಳ ಮೂಳೆಗೂಡು ಹೆನ್ರಿ ಫೋರ್ಡನದೇ: ಎರಡು ಚಾನೆಲ್, ಮುಂದೊಂದು ಹಿಂದೊಂದು ಅಡ್ಡ ಕಮಾನು, ಗಟ್ಟಿ ಆಕ್ಸಲ್. ನಾವು ಇವತ್ತು ಕಟ್ಟುವುದೂ ಬಹುಮಟ್ಟಿಗೆ ಅದನ್ನೇ.

ನೆಲದ ಮೇಲೆ ಗೆರೆ

ಏನನ್ನೂ ಕೊಳ್ಳುವ ಮುಂಚೆ ಟಯರ್ ಕೊಳ್ಳಿ. ಹೊಸದೇ ಬೇಕಿಲ್ಲ. ನೀವು ಕೊನೆಗೆ ಹಾಕುವ ಅಳತೆಯ ಸವೆದ ಟಯರ್, ರಿಮ್ ಸಮೇತ ಸಿಕ್ಕರೂ ಸಾಕು. ಹಾಟ್ ರಾಡ್‌ನ ಚೆಲುವೆಲ್ಲ ಅದು ನೆಲದ ಮೇಲೆ ಕೂರುವ ಭಂಗಿಯಲ್ಲಿದೆ. ಮುಂದೆ ಚಿಕ್ಕ ಟಯರ್, ಹಿಂದೆ ದೊಡ್ಡದು, ಮೂಗು ಸ್ವಲ್ಪ ಕೆಳಗೆ. ನನ್ನ ಕಾರಿಗೆ ಮುಂದೆ 26 ಇಂಚು, ಹಿಂದೆ 31 ಇಂಚು ಎತ್ತರದ ಟಯರ್. ಅಂದರೆ ಚಕ್ರದ ನಡುಬಿಂದುಗಳಲ್ಲೇ ಎರಡೂವರೆ ಇಂಚು ವ್ಯತ್ಯಾಸ. ಈ ಎರಡೂವರೆ ಇಂಚು ಗೊತ್ತಿಲ್ಲದೆ "ಮೂಗು ಇಳಿಸಲು ತುದಿಗಳನ್ನು 4 ಇಂಚು ಮೇಲಕ್ಕೆ ಬಾಗಿಸಿದ ಡ್ರಾಪ್ ಆಕ್ಸಲ್ ಬೇಕಾ, ಕಂಪನಿಯ ಮೂಲ ಸ್ಟಾಕ್ ಆಕ್ಸಲ್ ಸಾಕಾ" ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ.

ಗ್ಯಾರೇಜ್ ನೆಲ ಸಾಮಾನ್ಯವಾಗಿ ಬಾಗಿಲ ಕಡೆಗೆ ಇಳಿಜಾರಾಗಿರುತ್ತದೆ, ನೀರು ಹೊರಗೆ ಹರಿಯಲಿ ಎಂದು. ಹಾಗಾಗಿ ನಾಲ್ಕು ಚಕ್ರ ಕೂರುವ ಜಾಗದಲ್ಲಿ ರಸಮಟ್ಟ ಇಟ್ಟು, ಪ್ಲೈವುಡ್ ತುಂಡು, ತಗಡಿನ ತುಂಡು ಕೊಟ್ಟು ಒಂದೇ ಮಟ್ಟಕ್ಕೆ ತನ್ನಿ. ನಾನು ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಮಟ್ಟ ನೋಡಿದೆ, ಊರಲ್ಲಿ ಮನೆ ಪಾಯ ಹಾಕುವಾಗ ಗಾರೆ ಮೇಸ್ತ್ರಿಗಳು ನೋಡುತ್ತಾರಲ್ಲ, ಹಾಗೆ. ಲೇಸರ್‌ಗಿಂತ ಅದರ ಮೇಲೆ ನನಗೆ ನಂಬಿಕೆ ಜಾಸ್ತಿ.

ಆಮೇಲೆ ಬಣ್ಣದ ದಾರ ಹೊಡೆದು ನಡುಗೆರೆ ಎಳೆಯಿರಿ. ಅದಕ್ಕೆ ಅಡ್ಡವಾಗಿ ಮುಂದಿನ ಆಕ್ಸಲ್ ಗೆರೆ, ಹಿಂದಿನ ಆಕ್ಸಲ್ ಗೆರೆ. ಈ ಎರಡು ಗೆರೆಗಳ ನಡುವಿನ ದೂರವೇ ವೀಲ್‌ಬೇಸ್. ಮಾಡೆಲ್ ಎ ವೀಲ್‌ಬೇಸ್ 103.5 ಇಂಚು, 1932ರದು 106, 1933–34ರದು 112. ಮಾಡೆಲ್ ಎ ಒಳಗೆ ಎಂಟು ಸಿಲಿಂಡರಿನ ವಿ-8 ಎಂಜಿನ್ ಕೂರಿಸುವವರು ರೇಡಿಯೇಟರ್, ಫ್ಯಾನ್‌ಗೆ ಜಾಗ ಸಾಲದೆ ಮುಂದಿನ ಆಕ್ಸಲನ್ನು ಒಂದೆರಡು ಇಂಚು ಮುಂದೆ ತಳ್ಳುವುದುಂಟು. ನಾನು 105ಕ್ಕೆ ನಿಲ್ಲಿಸಿದೆ. ಹಿಂದಿನ ಆಕ್ಸಲ್ ಮಾತ್ರ ಬಾಡಿಯ ಚಕ್ರದ ಕಮಾನಿಗೆ ಸರಿಯಾಗಿ ನಡುವೆ ಕೂರಬೇಕು. ಅಲ್ಲಿ ಅರ್ಧ ಇಂಚು ತಪ್ಪಿದರೂ ರಸ್ತೆಯ ಆಚೆ ಬದಿಯಿಂದ ಕಣ್ಣಿಗೆ ಹೊಡೆಯುತ್ತದೆ.

ಈಗ ಚಾಸಿಯನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಟಯರ್‌ಗಳನ್ನು ಗೆರೆಯ ಮೇಲೆ ನಿಲ್ಲಿಸಿ, ಬಾಡಿ ಹೊರಿಸಿ. ರೇಡಿಯೇಟರ್ ಇಡಿ. ಎಂಜಿನ್ ಇಲ್ಲದಿದ್ದರೆ ಗುಜರಿಯಿಂದ ಖಾಲಿ ಬ್ಲಾಕ್ ತನ್ನಿ. ಸೀಟಿನ ಬದಲು ಒಂದು ಮರದ ಪೆಟ್ಟಿಗೆ ಇಟ್ಟು ನೀವೇ ಕೂತು ನೋಡಿ. ಕಾಲು ಪೆಡಲ್‌ಗೆ ಎಟುಕುತ್ತದೋ, ಮಂಡಿ ಸ್ಟೀರಿಂಗ್‌ಗೆ ತಾಗುತ್ತದೋ ಎಲ್ಲ ಇಲ್ಲೇ ಗೊತ್ತಾಗಲಿ. ಸ್ಟ್ಯಾಂಡ್ ಏರಿಸಿ ಇಳಿಸಿ, ಇಪ್ಪತ್ತು ಅಡಿ ದೂರ ಹೋಗಿ ನೋಡಿ, ಫೋಟೋ ತೆಗೆದಿಡಿ, ಮಾರನೇ ದಿನ ಮತ್ತೆ ನೋಡಿ. ನನಗೆ ಈ ಕೆಲಸಕ್ಕೆ ಮೂರು ವಾರ ಹಿಡಿಯಿತು. ನನ್ನ ಹೆಂಡತಿ ದಿನಾ ಸಂಜೆ ಬಂದು ಒಂದು ಮಾತು ಹೇಳಿ ಹೋಗುತ್ತಿದ್ದಳು. ಮೂಗು ಇನ್ನೂ ಅರ್ಧ ಇಂಚು ಕೆಳಗೆ ಬರಲಿ ಎಂದು ಅವಳು ಹೇಳಿದ್ದೇ ಕೊನೆಗೆ ಉಳಿದದ್ದು.

ಮನಸ್ಸಿಗೆ ಒಪ್ಪಿದಾಗ ನೆಲದಿಂದ ಚಾಸಿಗೆ ನಾಲ್ಕು ಕಡೆ ಎತ್ತರ ಅಳೆದು ಗೋಡೆಯ ಮೇಲೆ ಬರೆದಿಡಿ. ನನ್ನದರಲ್ಲಿ ಚಾಸಿಯ ಇಳಿಜಾರು ಒಂದೂವರೆ ಡಿಗ್ರಿ, ಅಂದರೆ 105 ಇಂಚಿನ ಉದ್ದಕ್ಕೆ ಸುಮಾರು 2¾ ಇಂಚು. ಈ ಒಂದೂವರೆ ಡಿಗ್ರಿಯನ್ನು ಮರೆಯಬೇಡಿ, ಮುಂದೆ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ.

ಚಾನೆಲ್ ಮುಚ್ಚುವುದು

ಮಾವ ಲಾರಿಯ ಚಾಸಿ ಮುಚ್ಚಬೇಡ ಅಂದರು, ನಾನು ಹಾಟ್ ರಾಡ್‌ನದನ್ನು ಮುಚ್ಚಿ ಎನ್ನುತ್ತೇನೆ. ಎರಡೂ ಸರಿಯೇ. ಫೋರ್ಡ್ ಕೂಡ ಮಾಡೆಲ್ ಎ ಚಾಸಿಯನ್ನು ತಿರುಚಿಕೊಳ್ಳಲೆಂದೇ ಬಿಟ್ಟಿದ್ದ. ಆಗಿನ ರಸ್ತೆ ಹಾಗಿತ್ತು, ಎಂಜಿನ್ 40 ಅಶ್ವಶಕ್ತಿಯದು. ನಾವು ಅದರ ಐದಾರು ಪಟ್ಟು ಶಕ್ತಿಯ ವಿ-8 ಕೂರಿಸಿ, ನುಣುಪು ರಸ್ತೆಯಲ್ಲಿ ಓಡಿಸುತ್ತೇವೆ. ಚಾಸಿ ತಿರುಚಿಕೊಂಡರೆ ಬಾಗಿಲು ಕೂರುವುದಿಲ್ಲ, ಗಾಜು ಒಡೆಯುತ್ತದೆ, ಸಸ್ಪೆನ್ಷನ್ ಕೋನಗಳೆಲ್ಲ ಬಾಯಿಮಾತಾಗುತ್ತವೆ.

ಮುಚ್ಚಿದರೆ ಎಷ್ಟು ಗಟ್ಟಿ? ಒಂದು ಲೆಕ್ಕ ಮಾಡಿ ನೋಡಿ. 4 ಇಂಚು ಎತ್ತರ, 2 ಇಂಚು ಅಗಲ, 1/8 ಇಂಚು ದಪ್ಪದ ತೆರೆದ ಚಾನೆಲ್‌ಗಿಂತ ಅದೇ ಅಳತೆಯ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ ತಿರುಚುವಿಕೆಯನ್ನು 400 ಪಟ್ಟಿಗೂ ಮಿಕ್ಕಿ ತಡೆಯುತ್ತದೆ. ಎರಡು ಚಾನೆಲ್‌ಗಳನ್ನು ಜೋಡಿಸುವ ಅಡ್ಡ ತೊಲೆಗಳು, ಅಂದರೆ ಕ್ರಾಸ್‌ಮೆಂಬರ್‌ಗಳು ಸೇರಿದ ಇಡೀ ಚಾಸಿಯಲ್ಲಿ ಅಷ್ಟೊಂದು ವ್ಯತ್ಯಾಸ ಬರುವುದಿಲ್ಲ, ಕಾಗದದ ಮೇಲಿನ ಸಂಖ್ಯೆ ಅದು. ಆದರೆ ತೆರೆದ ಆಕಾರ ಸುಲಭವಾಗಿ ತಿರುಚಿಕೊಳ್ಳುತ್ತದೆ, ಮುಚ್ಚಿದ್ದು ಹಟ ಹಿಡಿಯುತ್ತದೆ ಎನ್ನುವುದನ್ನು ನೆನಪಿಡಿ. ಆಕ್ಸಲ್ ಆರಿಸುವಾಗ ಇದೇ ಲೆಕ್ಕ ತಲೆಕೆಳಗಾಗಿ ಬರುತ್ತದೆ.

ನಾನು 1/8 ಇಂಚಿನ ಪ್ಲೇಟನ್ನು ಚಾನೆಲ್ ಒಳಗೆ ಹೊಂದುವಂತೆ ಕತ್ತರಿಸಿ ಕೂರಿಸಿದೆ. ಬ್ರಾಕೆಟ್ ಬರುವ ಕಡೆ 3/16. ಒಂದೇ ಎಳೆಯಲ್ಲಿ ವೆಲ್ಡ್ ಎಳೆದರೆ ಚಾನೆಲ್ ಬಾಳೆಹಣ್ಣಿನಂತೆ ಬಾಗುತ್ತದೆ. ಒಂದೊಂದು ಇಂಚು, ಈ ತುದಿಯಲ್ಲೊಂದು ಆ ತುದಿಯಲ್ಲೊಂದು, ಎಡಕ್ಕೊಂದು ಬಲಕ್ಕೊಂದು, ಮುಟ್ಟಿದರೆ ಸುಡದಷ್ಟು ತಣಿಯಲು ಬಿಟ್ಟು ಮುಂದಿನದು. ಮುಂಚೆಯೂ ನಂತರವೂ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆಯಿರಿ. ಎರಡೂ ಅಳತೆ 1/16 ಇಂಚಿನೊಳಗೆ ಕೂಡಬೇಕು. ತೂಗುಗುಂಡು ಇಳಿಬಿಟ್ಟು ನೆಲದ ಗೆರೆಗೆ ತಾಳೆ ನೋಡಿ.

ಹಳೆಯ ಚಾಸಿ ತುಕ್ಕು ಹಿಡಿದು ತೂತಾಗಿದ್ದರೆ ಸರಿ ಮಾಡುತ್ತ ಕೂರಬೇಡಿ. 2×4 ಇಂಚಿನ ಆಯತ ಟ್ಯೂಬ್‌ನಲ್ಲಿ ಹೊಸದನ್ನು ಕಟ್ಟಬಹುದು, ಅಥವಾ ಸಿದ್ಧ ಚಾನೆಲ್ ಕೊಳ್ಳಬಹುದು. ಆದರೆ ಕತ್ತರಿಸುವ ಮುಂಚೆ ನಂಬರ್ ನೋಡಿ. ಮಾಡೆಲ್ ಎ ಗಾಡಿಯ ನಂಬರ್ ಎಡ ಚಾನೆಲ್‌ನ ಮೇಲ್ಮೈಯಲ್ಲಿ, ಬಾಡಿಯ ಅಡಿ ಮುಚ್ಚಿಹೋಗುವ ಕಡೆ ಕೊರೆದಿರುತ್ತದೆ. ಆ ತುಂಡು ಗುಜರಿಗೆ ಹೋದರೆ ಗಾಡಿಯ ಕಾಗದಪತ್ರಕ್ಕೂ ಗಾಡಿಗೂ ನಂಟೇ ಕಡಿದಂತೆ.

ಮುಂದಿನ ಆಕ್ಸಲ್: ನಾನು ಎಡವಿದ ಕಡೆ

ಫೋರ್ಡ್‌ನ ಮೂಲ ಏರ್ಪಾಟು ನೋಡಿ. ಆಕ್ಸಲ್‌ನ ಎರಡೂ ತುದಿಯಿಂದ ಹೊರಟ ಎರಡು ಸಲಾಕೆಗಳು ಹಿಂದಕ್ಕೆ ಹೋಗುತ್ತ ಹತ್ತಿರವಾಗಿ, ಗೇರ್‌ಬಾಕ್ಸ್ ಕೆಳಗೆ ಒಂದೇ ಗುಂಡಿನಲ್ಲಿ (ಎತ್ತಲಾದರೂ ವಾಲುವ ಬಾಲ್ ಕೀಲು) ಸೇರುತ್ತವೆ. ಇದೇ ವಿಶ್‌ಬೋನ್. ಎಡ ಚಕ್ರ ಕಲ್ಲು ಹತ್ತಿದರೆ ಇಡೀ ತ್ರಿಕೋನ ಆ ಗುಂಡಿನ ಮೇಲೆ ವಾಲುತ್ತದೆ. ಯಾವುದೂ ತಿರುಚಿಕೊಳ್ಳಬೇಕಾಗಿಲ್ಲ.

ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಬಂದಾಗ ಆ ಗುಂಡಿಗೆ ಜಾಗ ಇರುವುದಿಲ್ಲ. ಆಗ ವಿಶ್‌ಬೋನ್ ಸೀಳಿ, ಎರಡು ಕೈಗಳನ್ನೂ ಎಡಬಲ ಚಾನೆಲ್‌ಗೆ ತಗುಲಿಸುತ್ತಾರೆ. ಹೇರ್‌ಪಿನ್ ಎನ್ನುವ ಕವಲು ಸಲಾಕೆಗಳೂ ಇದೇ ಜಾತಿ. ಆಕ್ಸಲ್ ಕಡೆ ಬಿಗಿಯಾಗಿ ಹಿಡಿದಿರುತ್ತವೆ, ಚಾಸಿ ಕಡೆ ಒಂದೇ ಕೀಲು. ಈಗ ಎಡ ಚಕ್ರ ಮಾತ್ರ ಎರಡು ಇಂಚು ಮೇಲೆದ್ದಿತು ಅನ್ನಿ. ಎಡಗೈ ತನ್ನ ಕೀಲಿನ ಸುತ್ತ ತಿರುಗುತ್ತ ಆಕ್ಸಲ್‌ನ ಎಡ ತುದಿಯನ್ನೂ ತಿರುಗಿಸುತ್ತದೆ. ಬಲ ತುದಿ ಇದ್ದಲ್ಲೇ ಇದೆ. ನಡುವಿನ ಆಕ್ಸಲ್ ಏನು ಮಾಡಬೇಕು? ತಿರುಚಿಕೊಳ್ಳಬೇಕು.

ಅಡ್ಡ ಕೊಯ್ದರೆ ಇಂಗ್ಲಿಷಿನ I ಅಕ್ಷರದಂತೆ ಕಾಣುವ ಐ-ಬೀಮ್ ಆಕ್ಸಲ್ ತಿರುಚಿಕೊಳ್ಳುತ್ತದೆ, ಅದು ತೆರೆದ ಆಕಾರ. ಕೊಳವೆಯಂಥ ಟ್ಯೂಬ್ ಆಕ್ಸಲ್ ಮುಚ್ಚಿದ ಆಕಾರ, ಹಟ ಹಿಡಿಯುತ್ತದೆ. ಹಟ ಹಿಡಿದಾಗ ಬಳುಕುವ ಸರದಿ ಬ್ರಾಕೆಟ್‌ನದು, ಬೋಲ್ಟ್‌ನದು, ವೆಲ್ಡ್‌ನದು.

ಇದು ಗೊತ್ತಿಲ್ಲದೆ ನಾನು ಒಂದು ಹಳೆ ಸಾಮಾನಿನ ಸಂತೆಯಲ್ಲಿ ಹೊಳೆಯುವ ಟ್ಯೂಬ್ ಆಕ್ಸಲ್ ಕೊಂಡೆ, ಇನ್ನೊಂದು ಕಡೆ ಹೇರ್‌ಪಿನ್ ಕೊಂಡೆ. ಎರಡೂ ಒಳ್ಳೆಯ ಮಾಲೇ. ಜೋಡಿ ತಪ್ಪು. ಸುಮಾರು 600 ಮೈಲು ಓಡಿದ ಮೇಲೆ ಎಡ ಬ್ರಾಕೆಟ್‌ನ ವೆಲ್ಡ್ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಆ ಬ್ರಾಕೆಟ್ ಹೆದ್ದಾರಿಯಲ್ಲಿ ಕಿತ್ತುಬಂದಿದ್ದರೆ ಮುಂದಿನ ಚಕ್ರ ನನ್ನ ಕೈಯಲ್ಲಿರುತ್ತಿರಲಿಲ್ಲ. ಅವತ್ತು ಪಕ್ಕದ ಸೀಟಿನಲ್ಲಿ ನನ್ನ ಮಗಳು ಕೂತಿದ್ದಳು. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಹೇರ್‌ಪಿನ್ ಅಥವಾ ಸೀಳಿದ ವಿಶ್‌ಬೋನ್ ಹಾಕುವುದಾದರೆ ಫೋರ್ಜ್ ಮಾಡಿದ ಐ-ಬೀಮ್ ಆಕ್ಸಲನ್ನೇ ಹಾಕಿ. ಟ್ಯೂಬ್ ಆಕ್ಸಲ್ಲೇ ಬೇಕಾದರೆ ಫೋರ್-ಬಾರ್ ಹಾಕಿ. ಒಂದೊಂದು ಕಡೆ ಎರಡೆರಡು ಸಮಾನಾಂತರ ಸಲಾಕೆ ಇರುವುದರಿಂದ ಚಕ್ರ ಮೇಲೆದ್ದರೂ ಆಕ್ಸಲ್‌ನ ಕೋನ ಬದಲಾಗುವುದಿಲ್ಲ, ತಿರುಚುವ ಮಾತೇ ಇಲ್ಲ. ಮೊದಲ ಕಾರಿಗೆ ಫೋರ್-ಬಾರ್ ಸುಲಭ. ಆದರೂ ನನ್ನ ಕಣ್ಣಿಗೆ ಐ-ಬೀಮ್, ಹೇರ್‌ಪಿನ್ ಜೋಡಿಯೇ ಚೆಂದ. ಈಗ ನನ್ನ ಕಾರಿನಲ್ಲಿರುವುದು 4 ಇಂಚು ಡ್ರಾಪ್‌ನ ಐ-ಬೀಮ್. 1974–78ರ ಮಸ್ಟಾಂಗ್ 2 ಮಾದರಿಯ, ಒಂದೊಂದು ಚಕ್ರವೂ ಬೇರೆ ಬೇರೆಯಾಗಿ ಆಡುವ ಸ್ವತಂತ್ರ ಸಸ್ಪೆನ್ಷನ್ ಕಿಟ್ ಬಗ್ಗೆಯೂ ಅಕ್ಕನ ಮಗ ಕೇಳಿದ. ಸವಾರಿ ಮೆತ್ತಗಿರುತ್ತದೆ. ಆದರೆ ಮಡ್‌ಗಾರ್ಡ್ ಇಲ್ಲದ ಮಾಡೆಲ್ ಎ ಮುಂದೆ ಆ ಕೈಗಳು, ಸ್ಪ್ರಿಂಗ್ ಎಲ್ಲ ಬಯಲಿಗೆ ಕಾಣುತ್ತವೆ. ನಾನು ಹಾಕುವುದಿಲ್ಲ.

ಅಡ್ಡ ಕಮಾನಿನ ವಿಷಯದಲ್ಲಿ ಒಂದನ್ನು ಮಾತ್ರ ಕಡ್ಡಾಯವಾಗಿ ನೋಡಿ: ಗಾಡಿಯ ಪೂರ್ತಿ ಭಾರ ಬಿದ್ದಾಗ ಶಾಕಲ್‌ಗಳು (ಕಮಾನಿನ ತುದಿಯನ್ನು ಆಕ್ಸಲ್‌ಗೆ ಸೇರಿಸುವ ಕೊಂಡಿಗಳು) ಸುಮಾರು 45 ಡಿಗ್ರಿ ಓರೆಯಾಗಿರಬೇಕು. ನೆಟ್ಟಗೆ ನಿಂತಿದ್ದರೆ ಗಾಡಿ ಪಕ್ಕಕ್ಕೆ ತೂಗಾಡುತ್ತದೆ, ಪೂರ್ತಿ ಮಲಗಿದ್ದರೆ ಕಮಾನು ಬಿಗಿದುಕೊಂಡು ಕಲ್ಲಿನಂತಾಗುತ್ತದೆ. ಮಾಡೆಲ್ ಎ ಕಮಾನಿನಲ್ಲಿ ಪಟ್ಟಿಗಳು ಬಹಳ. ಮಡ್‌ಗಾರ್ಡ್ ಇಲ್ಲದ ಹಗುರ ಗಾಡಿಗೆ ಒಂದೆರಡು ತೆಗೆಯಬೇಕಾಗಬಹುದು, ಆದರೆ ಕಣ್ಣು ಇರುವ ತಲೆಪಟ್ಟಿಯನ್ನು ಮುಟ್ಟಬೇಡಿ. ಒಂದೊಂದಾಗಿ ತೆಗೆದು, ಭಾರ ಹಾಕಿ, ಎತ್ತರ ಅಳೆದು ನೋಡಿ. ಮಾವ ಪಟ್ಟಿಯ ತುದಿಗಳನ್ನು ಗ್ರೈಂಡಿಂಗ್ ಕಲ್ಲಿಗೆ ಹಿಡಿದು ಚೂಪು ಮೂಲೆ ಸವೆಸುತ್ತಿದ್ದರು, ಮೇಲಿನ ಪಟ್ಟಿಯನ್ನು ಅದು ಕೊರೆಯದಿರಲಿ ಎಂದು. ನಾನೂ ಹಾಗೇ ಮಾಡಿ, ನಡುವೆ ಜಾರುವ ಪ್ಲಾಸ್ಟಿಕ್ ಹಾಳೆ ಇಟ್ಟೆ. ಆಕ್ಸಲ್‌ಗೂ ಚಾಸಿಗೂ ನಡುವೆ ಎರಡೂವರೆ ಇಂಚಾದರೂ ಖಾಲಿ ಇರಲಿ, ಅಲ್ಲಿ ರಬ್ಬರ್ ಸ್ಟಾಪ್ ಹಾಕಿ.

ಕ್ಯಾಸ್ಟರ್ ಅಂದರೆ ಕಿಂಗ್‌ಪಿನ್‌ನ (ಮುಂದಿನ ಚಕ್ರ ಎಡಬಲ ತಿರುಗುವ ಗೂಟ) ತಲೆ ಹಿಂದಕ್ಕೆ ವಾಲಿರುವ ಕೋನ. ಕೈ ಬಿಟ್ಟರೂ ಸೈಕಲ್ ನೆಟ್ಟಗೆ ಹೋಗಲು ಅದರ ಮುಂದಿನ ಫೋರ್ಕ್ ವಾಲಿರುವುದೂ ಒಂದು ಕಾರಣ. ಹಾಟ್ ರಾಡ್‌ನ ಗಟ್ಟಿ ಆಕ್ಸಲ್‌ಗೆ 5ರಿಂದ 7 ಡಿಗ್ರಿ ಬೇಕು. ಇಲ್ಲಿ ಆ ಒಂದೂವರೆ ಡಿಗ್ರಿ ಬರುತ್ತದೆ. ಚಾಸಿಯನ್ನು ಮಟ್ಟಸವಾಗಿ ಇಟ್ಟು 6 ಡಿಗ್ರಿಗೆ ಬ್ರಾಕೆಟ್ ಹಚ್ಚಿದರೆ, ಮೂಗು ಇಳಿದಾಗ ಉಳಿಯುವುದು ನಾಲ್ಕೂವರೆ. ಕೋನಗಳನ್ನು ಯಾವಾಗಲೂ ನೆಲಕ್ಕೆ ಹೋಲಿಸಿ ಅಳೆಯಿರಿ, ಚಾಸಿಗಲ್ಲ. ಟೋ-ಇನ್, ಅಂದರೆ ಮುಂದಿನ ಚಕ್ರಗಳ ಮೂತಿ ಒಳಕ್ಕೆ ತಿರುಗಿರುವುದು, 1/16ರಿಂದ 1/8 ಇಂಚು ಇದ್ದರೆ ಸಾಕು.

ಸ್ಟೀರಿಂಗ್

ಆಕ್ಸಲ್ ಆರಿಸಿದ ದಿನವೇ ಸ್ಟೀರಿಂಗ್ ಬಾಕ್ಸ್ ಎಲ್ಲಿ ಎಂದು ತೀರ್ಮಾನವಾಗಬೇಕು. ಪೆಟ್ಟಿಗೆ ಚಾನೆಲ್ ಪಕ್ಕದಲ್ಲಿದ್ದು, ಅದರ ತಳ್ಳಾಟವನ್ನು ಚಕ್ರಕ್ಕೆ ಮುಟ್ಟಿಸುವ ಸಲಾಕೆ, ಡ್ರ್ಯಾಗ್ ಲಿಂಕ್, ಮುಂದಕ್ಕೆ ಎಡ ಚಕ್ರಕ್ಕೆ ಹೋಗುವುದು ಹಳೆಯ ದಾರಿ. ಆಗ ಡ್ರ್ಯಾಗ್ ಲಿಂಕ್‌ನ ಹಿಂದಿನ ಕೀಲು, ಹೇರ್‌ಪಿನ್‌ನ ಹಿಂದಿನ ಕೀಲು ಆದಷ್ಟು ಹತ್ತಿರ ಇರಲಿ. ಎರಡೂ ಒಂದೇ ಕೇಂದ್ರದ ಸುತ್ತ ಕಮಾನು ಗೆರೆ ಎಳೆಯಬೇಕು. ಇಲ್ಲದಿದ್ದರೆ ರಸ್ತೆಯ ಪ್ರತಿ ಉಬ್ಬಿಗೂ ಸ್ಟೀರಿಂಗ್ ತಾನೇ ತಿರುಗುತ್ತದೆ.

ಇನ್ನೊಂದು, ಶೆವ್ರೊಲೆ ವೇಗಾ ಕಾರಿನ ಪೆಟ್ಟಿಗೆಯನ್ನು ಎಡ ಚಾನೆಲ್ ಮುಂದೆ ಕೂರಿಸಿ, ಡ್ರ್ಯಾಗ್ ಲಿಂಕನ್ನು ಅಡ್ಡವಾಗಿ ಬಲ ಚಕ್ರಕ್ಕೆ ಒಯ್ಯುವುದು. ನಾನು ಹಾಕಿದ್ದು ಇದೇ. ಇಲ್ಲಿ ಪೆಟ್ಟಿಗೆ ಪಕ್ಕಕ್ಕೆ ತಳ್ಳಿದಾಗ ಚಕ್ರ ತಿರುಗುವ ಬದಲು ಗಾಡಿಯೇ ಶಾಕಲ್ ಮೇಲೆ ಪಕ್ಕಕ್ಕೆ ಸರಿದುಬಿಡಬಹುದು. ಅದಕ್ಕೇ ಚಾಸಿಯಿಂದ ಆಕ್ಸಲ್‌ಗೆ ಅಡ್ಡವಾಗಿ ಕಟ್ಟುವ ಪ್ಯಾನ್‌ಹಾರ್ಡ್ ಸಲಾಕೆ ಬೇಕು. ಅದರ ಚಾಸಿ ತುದಿ ಸ್ಟೀರಿಂಗ್ ಪೆಟ್ಟಿಗೆ ಇರುವ ಕಡೆಯೇ ಇರಲಿ, ಉದ್ದವೂ ಓರೆಯೂ ಡ್ರ್ಯಾಗ್ ಲಿಂಕ್‌ನಷ್ಟೇ ಇರಲಿ.

ಮುಂದಿನ ಎಡಬಲ ಚಕ್ರಗಳನ್ನು ಜೋಡಿಸುವ ಟೈ ರಾಡನ್ನು ಚೆಂದಕ್ಕೆಂದು ಆಕ್ಸಲ್ ಮುಂದಕ್ಕೆ ತರಬೇಡಿ. ಮೇಲಿನಿಂದ ನೋಡಿದಾಗ ಕಿಂಗ್‌ಪಿನ್‌ನಿಂದ ಸ್ಟೀರಿಂಗ್ ಆರ್ಮ್‌ನ ತೂತಿನ ಮೂಲಕ ಎಳೆದ ಗೆರೆಗಳು ಹಿಂದಿನ ಆಕ್ಸಲ್‌ನ ನಡುವೆ ಕೂಡಬೇಕು. ಇದು ಅಕರ್‌ಮನ್ ನಿಯಮ. ತಿರುವಿನಲ್ಲಿ ಒಳ ಚಕ್ರ ಹೊರಗಿನದಕ್ಕಿಂತ ಹೆಚ್ಚು ತಿರುಗುವುದು ಇದರಿಂದಲೇ. ಅದೇ ಆರ್ಮ್‌ಗಳನ್ನು ಮುಂದಕ್ಕೆ ತಿರುಗಿಸಿ ಹಾಕಿದರೆ ಲೆಕ್ಕ ಉಲ್ಟಾ ಆಗಿ ಟಯರ್ ಉಜ್ಜಿಕೊಂಡು ಹೋಗುತ್ತದೆ. ನೆಲದ ಮೇಲೆ ಎಳೆದ ಗೆರೆಗಳಿವೆಯಲ್ಲ, ದಾರ ಕಟ್ಟಿ ಅಲ್ಲೇ ನೋಡಬಹುದು.

ಹಿಂದಿನ ಭಾಗ

ಹಳೆಯ ಫೋರ್ಡ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟ್ ಒಂದು ಕೊಳವೆಯೊಳಗಿತ್ತು. ಆ ಕೊಳವೆಯೇ ಆಕ್ಸಲ್ ಹಿಡಿದು, ಚಕ್ರ ತಳ್ಳುವ ಬಲವನ್ನೂ ತಾಳುತ್ತಿತ್ತು. ಈಗಿನ ತೆರೆದ ಶಾಫ್ಟ್, ಫೋರ್ಡ್ 8 ಇಂಚು ಅಥವಾ 9 ಇಂಚು ಹೌಸಿಂಗ್ (ಹಿಂದಿನ ಆಕ್ಸಲ್, ಅದರ ಗೇರು ಹೊತ್ತ ಕವಚ) ಹಾಕಿದರೆ ಆ ಕೆಲಸ ಬೇರೆ ಯಾರಾದರೂ ಮಾಡಬೇಕು. ಎಡಬಲ ಎರಡು ಉದ್ದ ಕೈಗಳನ್ನು ಹೌಸಿಂಗ್‌ಗೆ ಬಿಗಿಯಾಗಿ ವೆಲ್ಡ್ ಮಾಡಿ ಮುಂದೆ ಚಾನೆಲ್‌ಗಳಿಗೆ ಕಟ್ಟುವುದನ್ನು ಬಹಳ ಕಡೆ ನೋಡುತ್ತೇನೆ. ಮುಂದಿನ ಟ್ಯೂಬ್ ಆಕ್ಸಲ್ ಕಥೆಯೇ ಮತ್ತೆ: ಹೌಸಿಂಗ್ ಮುಚ್ಚಿದ ಕೊಳವೆ, ತಿರುಚಿಕೊಳ್ಳುವುದಿಲ್ಲ, ಬ್ರಾಕೆಟ್ ಸೀಳುತ್ತದೆ. ಆ ಕೈಗಳೇ ಬೇಕಾದರೆ ಅವುಗಳ ಮುಂದಿನ ತುದಿಗಳನ್ನು ಗಾಡಿಯ ನಡುಗೆರೆಯ ಹತ್ತಿರ ಒಟ್ಟಿಗೆ ತನ್ನಿ, ಹೆನ್ರಿ ಫೋರ್ಡ್ ತಂದ ಹಾಗೆ.

ಮೊದಲ ಕಾರಿಗೆ ನಾನು ಹೇಳುವುದು ಸಮಾನಾಂತರ ಫೋರ್-ಬಾರ್, ಒಂದು ಪ್ಯಾನ್‌ಹಾರ್ಡ್, ಎರಡು ಕಾಯಿಲ್‌ಓವರ್ (ಶಾಕ್ ಸುತ್ತಲೇ ಸುರುಳಿ ಸ್ಪ್ರಿಂಗ್ ಇರುವ ಜೋಡಿ). ಪ್ಯಾನ್‌ಹಾರ್ಡ್ ಆದಷ್ಟು ಉದ್ದ ಇರಲಿ, ಗಾಡಿ ನಿಂತ ಎತ್ತರದಲ್ಲಿ ಮಟ್ಟಸವಾಗಿರಲಿ. 30 ಇಂಚಿನ ಸಲಾಕೆ ಮಟ್ಟಸದಿಂದ 3 ಇಂಚು ಮೇಲೆದ್ದರೆ ಆಕ್ಸಲ್ ಪಕ್ಕಕ್ಕೆ ಸರಿಯುವುದು 0.15 ಇಂಚು. ಮೊದಲೇ 3 ಇಂಚು ಓರೆಯಾಗಿದ್ದು ಅದೇ ದಿಕ್ಕಿಗೆ ಇನ್ನೂ 3 ಎದ್ದರೆ 0.46 ಇಂಚು. ಹಿಂದೆ ದಪ್ಪ ಟಯರ್ ಬಾಡಿಗೆ ಅರ್ಧ ಇಂಚಿನಲ್ಲಿ ತಪ್ಪಿಕೊಂಡಿರುವಾಗ ಈ ವ್ಯತ್ಯಾಸವೇ ಉಜ್ಜುವುದು.

ಕಾರ್ಬುರೇಟರ್ ಕೂರುವ ಮೇಲ್ಮೈ ನೆಲಕ್ಕೆ ಮಟ್ಟಸ ಬರುವಂತೆ ಎಂಜಿನ್ ಹಿಂಬದಿಯನ್ನು ಇಳಿಸಿ, ಸಾಮಾನ್ಯವಾಗಿ ಸುಮಾರು 3 ಡಿಗ್ರಿ. ಇಲ್ಲೂ ಚಾಸಿಯ ಒಂದೂವರೆ ಡಿಗ್ರಿ ಕಳೆದು ಕೂಡಿಸಿ ನೋಡಿ. ಆಮೇಲೆ ಹೌಸಿಂಗ್‌ನಲ್ಲಿ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಪಿನಿಯನ್ ಮೂತಿಯನ್ನು ಅದೇ 3 ಡಿಗ್ರಿ ಮೇಲಕ್ಕೆತ್ತಿ. ಗೇರ್‌ಬಾಕ್ಸ್ ಶಾಫ್ಟೂ ಪಿನಿಯನ್ನೂ ಸಮಾನಾಂತರವಾಗಿದ್ದರೆ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಯ ಕೀಲುಗಳ, ಅಂದರೆ ಯೂನಿವರ್ಸಲ್ ಜಾಯಿಂಟ್‌ಗಳ ಏರುಪೇರು ಒಂದನ್ನೊಂದು ಕಳೆದುಹಾಕುತ್ತವೆ, ಗಾಡಿ ನಡುಗುವುದಿಲ್ಲ. ನಾನು ಎರಡನೇ ಸಲ ಬ್ರಾಕೆಟ್ ಕಿತ್ತದ್ದು ಈ ಕೋನವನ್ನು ಸ್ಟ್ಯಾಂಡ್ ಮೇಲೆ ಅಳೆದು, ಭಾರ ಬಿದ್ದ ಮೇಲೆ ಅಳೆಯದಿದ್ದದ್ದಕ್ಕೆ.

ಸ್ಪ್ರಿಂಗ್ ಎಷ್ಟು ಗಡಸು ಬೇಕು? ಅಂದಾಜಿಗೆ ಕೊಳ್ಳುವವರೇ ಹೆಚ್ಚು, ಆದರೆ ಲೆಕ್ಕ ಐದು ನಿಮಿಷದ್ದು. ನನ್ನ ಕಾರಿನಲ್ಲಿ ಇಬ್ಬರು ಕೂತು, ಟ್ಯಾಂಕ್ ತುಂಬಿದಾಗ ಹಿಂದಿನ ಆಕ್ಸಲ್ ಮೇಲೆ 1150 ಪೌಂಡು. ಅದರಲ್ಲಿ ಹೌಸಿಂಗ್, ಚಕ್ರ, ಬ್ರೇಕ್ ಎಲ್ಲ ಸೇರಿ ಸ್ಪ್ರಿಂಗ್ ಹೊರದ ಭಾರ ಸುಮಾರು 350. ಉಳಿದ 800ರಲ್ಲಿ ಒಂದೊಂದು ಸ್ಪ್ರಿಂಗ್ ಪಾಲಿಗೆ 400. ಹಗುರ ಗಾಡಿ ಸೆಕೆಂಡಿಗೆ ಒಂದೂವರೆ ಸಲ ತೂಗಿದರೆ ಮೈಗೆ ಹಿತ. ಆ ಲಯಕ್ಕೆ ಭಾರ ಬಿದ್ದಾಗ ಸ್ಪ್ರಿಂಗ್ ಎಷ್ಟು ಕುಗ್ಗಬೇಕು? 9.78 ಅನ್ನು ಒಂದೂವರೆಯ ವರ್ಗದಿಂದ ಭಾಗಿಸಿ: 4.35 ಇಂಚು. 400 ಅನ್ನು 4.35ರಿಂದ ಭಾಗಿಸಿದರೆ ಇಂಚಿಗೆ 92 ಪೌಂಡು. ಇದು ಸ್ಪ್ರಿಂಗ್ ನೆಟ್ಟಗೆ ನಿಂತರೆ. ಓರೆಯಾಗಿ ನಿಂತಷ್ಟೂ ಅದರ ಬಲ ಸೋರುತ್ತದೆ: 20 ಡಿಗ್ರಿ ಓರೆಗೆ 0.88 ಪಾಲು, 30ಕ್ಕೆ ಮುಕ್ಕಾಲು, 45ಕ್ಕೆ ಬರೀ ಅರ್ಧ. ನನ್ನದು 20 ಡಿಗ್ರಿ ಓರೆ, ಹಾಗಾಗಿ 104 ಬೇಕಾಯಿತು, 100ರದನ್ನು ಹಾಕಿದೆ. ಗಾಡಿ ನಿಂತಾಗ ಶಾಕ್ ತನ್ನ ಒಟ್ಟು ಓಟದಲ್ಲಿ ಶೇಕಡ 40ರಷ್ಟು ಒಳಗೆ ಹೋಗಿರಬೇಕು. ಚಾಸಿ ಅಡಿಗೂ ಹೌಸಿಂಗ್‌ಗೂ ನಡುವೆ 3 ಇಂಚಾದರೂ ಬೇಕು. ಇಲ್ಲದಿದ್ದರೆ ಅಲ್ಲಿ ಚಾಸಿಯನ್ನು ಮೇಲಕ್ಕೆ ಏರಿಸಿ ಕಟ್ಟಬೇಕು, ಅದನ್ನೂ ಗೋಡೆಯ ಮೇಲಿನ ಅಳತೆಯೇ ಮೊದಲೇ ಹೇಳಿರುತ್ತದೆ.

ಬಣ್ಣ ಬಳಿಯುವ ಮುಂಚೆ

ಬ್ರೇಕ್ ಮಾಸ್ಟರ್ ಸಿಲಿಂಡರ್ ಕಾಲಡಿಯಲ್ಲಿ, ಚಾಸಿ ಒಳಗೆ ಬರುವುದರಿಂದ ಅದಕ್ಕೆ ಜಾಗ ಕ್ರಾಸ್‌ಮೆಂಬರ್ ಹಾಕುವಾಗಲೇ ಬಿಡಿ. ಅದು ಚಕ್ರದ ಬ್ರೇಕ್‌ಗಿಂತ ಕೆಳಗಿದ್ದರೆ ಆಯಿಲ್ ಹಿಂದಕ್ಕೆ ಇಳಿಯದಂತೆ ಪೈಪಿನಲ್ಲಿ ಒತ್ತಡ ಉಳಿಸುವ ವಾಲ್ವ್ ಬೇಕು: ಡಿಸ್ಕ್ ಬ್ರೇಕ್‌ಗೆ 2 ಪಿಎಸ್‌ಐ (ಚದರ ಇಂಚಿಗೆ ಪೌಂಡು), ಡ್ರಮ್‌ಗೆ 10.

ಇನ್ನೊಂದು ದಾರದ ಪರೀಕ್ಷೆ. ಎಡ ಚಕ್ರದ ರಿಮ್‌ನ ಕೆಳ ಅಂಚಿನಿಂದ ಬಲ ಟಯರ್ ನೆಲ ಮುಟ್ಟುವ ಜಾಗಕ್ಕೆ ದಾರ ಹಿಡಿಯಿರಿ, ಆಮೇಲೆ ಬಲದಿಂದ ಎಡಕ್ಕೆ. ಈ ಗೆರೆಗಿಂತ ಕೆಳಗೆ ಸ್ಟೀರಿಂಗ್, ಸಸ್ಪೆನ್ಷನ್ನಿನ ಒಂದು ಬೋಲ್ಟ್ ಕೂಡ ಇಳಿದಿರಬಾರದು. ಟಯರ್ ಒಡೆದು ಗಾಡಿ ರಿಮ್ ಮೇಲೆ ಕೂತಾಗ ಮೊದಲು ರಸ್ತೆಗೆ ತಾಗುವುದು ಅದೇ.

ಎಲ್ಲವೂ ಜಾಗದಲ್ಲಿ ಕೂರುವ ತನಕ ಬರೀ ಟ್ಯಾಕ್, ಅಂದರೆ ಸುಲಭವಾಗಿ ಬಿಡಿಸಬಹುದಾದ ಚುಕ್ಕಿ ವೆಲ್ಡ್ ಹಾಕಿ. ಸ್ಪ್ರಿಂಗ್ ತೆಗೆದು, ಜ್ಯಾಕ್ ಕೊಟ್ಟು ಒಂದೊಂದು ಚಕ್ರವನ್ನೂ ಪೂರ್ತಿ ಮೇಲಕ್ಕೂ ಪೂರ್ತಿ ಕೆಳಕ್ಕೂ ಒಯ್ದು, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಎಲ್ಲಿ ಏನು ತಾಗುತ್ತದೆ ಎಂದು ಕೈಯಿಂದ ಮುಟ್ಟಿ ನೋಡಿ. ಸ್ಟೀರಿಂಗ್, ಸಸ್ಪೆನ್ಷನ್ ಬ್ರಾಕೆಟ್‌ಗಳ ಕೊನೆಯ ವೆಲ್ಡ್ ನಿಮ್ಮ ಕೈಗೆ ಒಗ್ಗಿಲ್ಲದಿದ್ದರೆ ಪಳಗಿದ ವೆಲ್ಡರ್‌ನಿಂದಲೇ ಮಾಡಿಸಿ. ನಾನು ಪ್ಲೇಟ್ ಮುಚ್ಚುವ ವೆಲ್ಡ್ ನಾನೇ ಹಾಕಿದೆ, ಹೇರ್‌ಪಿನ್ ಬ್ರಾಕೆಟ್ ಎರಡನೇ ಸಲ ಹಾಕುವಾಗ ಟ್ರೇಲರ್ ಎಳೆದುಕೊಂಡು ಹೋಗಿ ಹಾಕಿಸಿಕೊಂಡು ಬಂದೆ.

ಆಮೇಲೆ ಚಾಸಿಗೆ ತೆಳುವಾಗಿ ಬೂದು ಪ್ರೈಮರ್ ಮಾತ್ರ ಹೊಡೆದು 500 ಮೈಲು ಓಡಿಸಿ. ಮೊದಲ 50 ಮೈಲಿಗೆ ಎಲ್ಲ ಬೋಲ್ಟ್ ಮತ್ತೆ ಬಿಗಿ ಮಾಡಿ, ಯು-ಬೋಲ್ಟ್‌ಗಳು ಖಂಡಿತ ಸಡಿಲಾಗಿರುತ್ತವೆ. ಹೊಸ ಕಮಾನು ಸ್ವಲ್ಪ ಕೂರುತ್ತದೆ. ನನ್ನದು ಮುಂದೆ 3/8 ಇಂಚು ಕೂತಿತು, ಕ್ಯಾಸ್ಟರ್ ಮತ್ತೆ ಅಳೆದು ತಿರುಗಿಸಬೇಕಾಯಿತು. 500 ಆದ ಮೇಲೆ ಗಾಡಿ ಎತ್ತಿ, ಪ್ರತಿ ವೆಲ್ಡನ್ನೂ ಬಟ್ಟೆಯಿಂದ ಒರೆಸಿ, ಟಾರ್ಚ್ ಓರೆ ಹಿಡಿದು ನೋಡಿ. ಬಿರುಕು ಇದ್ದರೆ ಬೂದು ಬಣ್ಣದ ಮೇಲೆ ತುಕ್ಕಿನ ಕೆಂಪು ಗೆರೆಯಾಗಿ ಕಾಣುತ್ತದೆ. ನನಗೆ ಕಂಡದ್ದೂ ಹಾಗೆಯೇ. ದಪ್ಪ ಕಪ್ಪು ಪೌಡರ್ ಕೋಟ್ ಹೊಡೆಸಿಬಿಟ್ಟಿದ್ದರೆ ಅದು ಕಾಣುತ್ತಿರಲಿಲ್ಲ.